ಏಳಕ್ಕೆ ಮೂರು

"ನಂದು ಏಳಕ್ಕೆ ಏಳು ಕಣ್ಲಾ. ನಿಂದೆಷ್ಟು?"

ಚನ್ನಪಟ್ಟಣದಿಂದ ವಿರೂಪಾಕ್ಷಿಪುರದ ಕಡೆಗೆ ಹೋಗುವ ರಸ್ತೆಯಲ್ಲಿ, ಟೀ ಅಂಗಡಿಯೊಂದರ ಬೆಂಚಿನ ಮೇಲೆ ಕೂತಿದ್ದಾಗ ಈ ಮಾತು ನನ್ನ ಕಿವಿಗೆ ಬಿತ್ತು. ಪಕ್ಕದ ಬೆಂಚಿನ ಯುವಕರು ಯಾವುದೋ ನೇಮಕಾತಿ ಪರೀಕ್ಷೆಯ ಅಂಕ ಹೇಳಿಕೊಳ್ಳುತ್ತಿದ್ದಾರೆ ಅಂದುಕೊಂಡೆ. ಅರ್ಧ ಲೋಟ ಟೀ ಮುಗಿಯುವಷ್ಟರಲ್ಲಿ ಗೊತ್ತಾಯಿತು, ಆ ಪರೀಕ್ಷೆ ನನ್ನದೇ.

ನಾನು ಸಮಾಜ ಮನೋವಿಜ್ಞಾನಿ. ಹೀಗೆಂದರೆ ಕೆಲವರು ಸಮಾಜಸೇವಕಿ ಎಂದುಕೊಂಡು ಬೀದಿ ದೀಪದ ದೂರು ಹೇಳುತ್ತಾರೆ. ಇನ್ನು ಕೆಲವರು ಮನಸ್ಸಿನಲ್ಲಿರುವುದನ್ನು ಓದಿಬಿಡುತ್ತಾಳೆ ಎಂದು ಹೆದರಿ ಮುಖ ತಿರುಗಿಸುತ್ತಾರೆ. ಎರಡೂ ನನ್ನ ಕೈಲಾಗದ ಕೆಲಸ. ಒಂದು ಗುಂಪಿಗಾಗಿ ಜನ ಯಾತಕ್ಕೆ ವಿಪರೀತಕ್ಕೆ ಹೋಗುತ್ತಾರೆ, ಅವರನ್ನು ಆ ಕಡೆಗೆ ನೂಕುವುದು ಸಿಟ್ಟೋ, ನಂಬಿಕೆಯೋ, ಬೇರೆ ಇನ್ನೇನೋ ಎಂದು ಕೇಳಿ ತಿಳಿಯುವುದಷ್ಟೇ ನನ್ನ ಕಸುಬು. ಆ ವರ್ಷ ನಮ್ಮ ಅಧ್ಯಯನ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕೂ ಕಡೆ ನಡೆಯುತ್ತಿತ್ತು.

ಟೀ ಅಂಗಡಿಯ ಯುವಕರದ್ದು ಒಂದು ಕಾವಲು ಪಡೆ. ಹೆಸರು ಬೇಡ. ಬೆಟ್ಟದ ಬುಡದಲ್ಲಿ ನಿಂತು, ಜೋಡಿಯಾಗಿ ಬೈಕಿನಲ್ಲಿ ಬಂದವರನ್ನು ತಡೆದು ಹೆಸರು ಕೇಳುತ್ತಿದ್ದರು. ಹುಡುಗನದ್ದೊಂದು ಧರ್ಮ, ಹುಡುಗಿಯದ್ದೊಂದು ಧರ್ಮ ಆದರೆ ವಿಡಿಯೊ ಮಾಡಿ ಅವರ ಮನೆಯವರಿಗೆ ಕಳಿಸುತ್ತಿದ್ದರು. ಈಚೆಗೆ ಇನ್ನೊಂದು ಶುರು ಹಚ್ಚಿಕೊಂಡಿದ್ದರು: ಮುಸಲ್ಮಾನರ ಕಾರ್ಖಾನೆಗಳಿಗೆ ನಮ್ಮವರು ಕೆಲಸಕ್ಕೆ ಹೋಗಕೂಡದು. ಗೊಂಬೆ ಮಾಡುವ ಊರಲ್ಲಿ, ಅದೂ ಬಹಳಷ್ಟು ಕಾರ್ಖಾನೆ ಅವರದ್ದೇ ಆಗಿರುವಾಗ, ಇದು ಸಣ್ಣ ಮಾತಲ್ಲ. ಪಡೆಯ ಮುಂದಾಳು ಬಿಡದಿ ಕೈಗಾರಿಕಾ ಪ್ರದೇಶದಲ್ಲಿ ಗುತ್ತಿಗೆ ಕೆಲಸ ಮಾಡಿ, ಗುತ್ತಿಗೆ ಮುಗಿದ ಮೇಲೆ ಊರಿಗೆ ಬಂದು ಕೂತವನು. ಮಾತಿನಲ್ಲಿ ಬಲು ಚುರುಕು, ನನಗಂತೂ ತುಂಬ ಮರ್ಯಾದೆ ಕೊಡುತ್ತಿದ್ದ. ಅದೇ ನನಗೆ ಮೊದಲನೆಯ ಗೊಂದಲ.

ನಮ್ಮ ಪ್ರಶ್ನೆಹಾಳೆಯಲ್ಲಿ ಒಂದರ ಕೆಳಗೊಂದು ಹೇಳಿಕೆಗಳಿದ್ದವು. "ಪಡೆಗಾಗಿ ಕೆಲಸ ಬಿಡಲು ಸಿದ್ಧ", "ಪಡೆಗಾಗಿ ಜೈಲಿಗೆ ಹೋಗಲು ಸಿದ್ಧ", ಹೀಗೆ. ಪ್ರತಿಯೊಂದಕ್ಕೂ ಒಂದರಿಂದ ಏಳರವರೆಗೆ ಒಂದು ಅಂಕಿಗೆ ಸುತ್ತು ಹಾಕಬೇಕು. ಒಂದು ಅಂದರೆ ಖಂಡಿತ ಇಲ್ಲ, ಏಳು ಅಂದರೆ ಖಂಡಿತ ಹೌದು. ಎಷ್ಟೋ ದೇಶಗಳಲ್ಲಿ ನಡೆಯುವ ವಿಧಾನ ಇದು. ನಮ್ಮಲ್ಲಿ ಮಾತ್ರ ಮೊದಲ ದಿನದಿಂದ ಎಡವಿತು. "ಪ್ರಾಣ ಕೊಡಲು ಸಿದ್ಧ" ಎಂಬ ಹೇಳಿಕೆಯನ್ನು ನಾವೇ ಕಿತ್ತುಹಾಕಬೇಕಾಯಿತು. ನಮ್ಮ ಕಡೆ ಇಸ್ಪೀಟು ಆಡುವಾಗಲೂ ಜನ ಒಬ್ಬರಿಗೊಬ್ಬರು ಪ್ರಾಣ ಕೊಡುತ್ತಿರುತ್ತಾರೆ. ಕನಕಪುರದ ಹಳ್ಳಿಯೊಂದರಲ್ಲಿ ಹಾಳೆಯನ್ನು ಮೊದಲು ಪರೀಕ್ಷಿಸಿದಾಗ ಒಬ್ಬ ಯಜಮಾನರು ಕಣ್ಣು ಮುಚ್ಚಿಕೊಂಡು ಎಲ್ಲದಕ್ಕೂ ಏಳು ಹಾಕಿದರು. ಯಾಕೆ ಯಜಮಾನ್ರೇ ಅಂದರೆ, "ಅಷ್ಟು ದೂರದಿಂದ ಬಿಸ್ಲಲ್ಲಿ ಬಂದಿದ್ದೀಯ ಕಣವ್ವ, ಕಮ್ಮಿ ಹಾಕಿದ್ರೆ ಚೆಂದಾಗಿರ್ತದಾ?" ಅಂದರು. ಮನೆಗೆ ಬಂದವರಿಗೆ ಇಲ್ಲ ಅನ್ನದ ಈ ಧಾರಾಳತನವನ್ನು ನಾನು ಯಾವ ಕೋಷ್ಟಕದಲ್ಲಿ ತುಂಬಲಿ?

ಅದಕ್ಕೇ ಒಂದು ಉಪಾಯ ಮಾಡಿದೆವು. ನಡುನಡುವೆ ಉಲ್ಟಾ ಹೇಳಿಕೆಗಳನ್ನು ಸೇರಿಸಿದೆವು. "ಪಡೆಯ ಕೆಲಸಕ್ಕಿಂತ ಮನೆ ಕೆಲಸವೇ ನನಗೆ ಮುಖ್ಯ" ಎನ್ನುವಂಥವು. ಪಡೆಗಾಗಿ ಕೆಲಸ ಬಿಡಲು ಏಳು ಹಾಕಿದವನು ಇಲ್ಲೂ ಏಳು ಹಾಕಿದರೆ ಅವನು ಓದದೆ ಸುತ್ತು ಎಳೆದಿದ್ದಾನೆ ಎಂದು ಅರ್ಥ. ಅಂಥ ಹಾಳೆಯನ್ನು ಲೆಕ್ಕದಿಂದ ತೆಗೆದಿಡುತ್ತೇವೆ. ಈ ಕಸುಬಿನವರೆಲ್ಲ ಮಾಡುವುದೇ ಇದು.

ನಮಗೆ ಹೊಳೆಯದೆ ಹೋದದ್ದು ಫೋನು. ಪಡೆಯವರನ್ನು ಒಬ್ಬೊಬ್ಬರಾಗಿ ಒಳಗೆ ಕೂರಿಸಿ, ಹೆಸರು ಬರೆಸದೆ, ಗುಟ್ಟಾಗಿಯೇ ಹಾಳೆ ತುಂಬಿಸಿಕೊಂಡಿದ್ದೆವು. ಅವರೋ ಹಾಳೆ ಕೊಡುವ ಮುಂಚೆ ಅದರ ಫೋಟೋ ಹೊಡೆದುಕೊಂಡಿದ್ದರು. ಮದುವೆ ಊಟದ ಎಲೆಯ ಫೋಟೋವನ್ನೂ ಬಿಡದವರು, ಇದನ್ನು ಬಿಡುತ್ತಾರೆಯೇ? ಆಮೇಲೆ ಫೋಟೋಗಳನ್ನು ಗ್ರೂಪಿನಲ್ಲಿ ಹಾಕಿ, ಕೂಡಿ ಭಾಗಿಸಿ, ಯಾರಿಗೆ ಎಷ್ಟು ಎಂದು ನೋಡಿಕೊಂಡಿದ್ದರು. ನಾನು ದೇಶದಲ್ಲೆಲ್ಲ ಗಟ್ಟಿಗರನ್ನು ಆರಿಸಲು ಬಂದವಳು ಎಂದು ಅವರಲ್ಲೊಬ್ಬ ನಂಬಿದ್ದ. ಎಲ್ಲರದೂ ಏಳು. ಒಬ್ಬನದು ಮಾತ್ರ ಮೂರು.

ಆ ಒಬ್ಬ ಗೊಂಬೆ ಕಾರ್ಖಾನೆಯಲ್ಲಿ ಬಣ್ಣ ಹಿಡಿಸುವವನು. ಲೇತಿನ ಮೇಲೆ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಶಾಖಕ್ಕೆ ಅರಗು ಕರಗಿ ಬಣ್ಣ ಕೂರುತ್ತದೆ. ಅವನ ಕೆಲಸ ಅದು. ಅವನನ್ನು ಬಣ್ಣದವನು ಎಂದೇ ಕರೆಯುತ್ತೇನೆ. ಅವನ ಮಾಲೀಕರು ಮುಸಲ್ಮಾನರು, ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಹತ್ತನೇ ತರಗತಿ ಬಿಟ್ಟು ಬಂದವನಿಗೆ ಕಸುಬು ಕಲಿಸಿದವರು ಅವರೇ.

ಟೀ ಅಂಗಡಿಯ ಮಾತು ಕೇಳಿದ ಮಾರನೇ ದಿನ, ಬುಧವಾರ, ಅವನ ಜೊತೆ ಎರಡನೇ ಸುತ್ತಿನ ಸಂದರ್ಶನ ಇತ್ತು. ಕೆರೆ ಏರಿಯ ಮೇಲೆ ಕೂತೆವು. ನಿಯಮದ ಪ್ರಕಾರ ಮೊದಲು ಓದಿ ಹೇಳಿದೆ: ನೀವು ಹೇಳಿದ್ದನ್ನು ಯಾರಿಗೂ ಹೇಳುವುದಿಲ್ಲ, ಯಾರದಾದರೂ ಜೀವಕ್ಕೆ ಅಪಾಯ ಇದ್ದರೆ ಮಾತ್ರ ಹೇಳಬೇಕಾಗುತ್ತದೆ. ಅವನು ತಲೆಯಾಡಿಸಿದ. ಪಡೆಯಲ್ಲಿ ಈಗ ಹೇಗಿದೆಯಪ್ಪ ಎಂದು ಕೇಳಿದೆ.

"ಮೂರು ಅಂತಾರೆ ಮೇಡಂ."

"ಏನು ಮೂರು?"

"ನನ್ ಹೆಸ್ರೇ ಈಗ ಮೂರು. ಲೇ ಮೂರು ಬಾರ್ಲಾ, ಲೇ ಮೂರು, ಟೀ ತತ್ತಾರ್ಲಾ. ನೀವ್ ಕೊಟ್ಟ ಹಾಳೇಲಿ ನಾನು ಒಸಿ ಕಮ್ಮಿ ಹಾಕ್ಬುಟ್ಟೆ." ಕೆರೆಗೆ ಒಂದು ಕಲ್ಲು ಎಸೆದ. "ಅದ್ಕೇ ಮಾಡಿ ತೋರುಸ್ತೀನಿ ಅಂದಿದ್ದೀನಿ. ಶುಕ್ರವಾರ ಮಧ್ಯಾಹ್ನ ಉಸ್ತಾದ್ರು ನಮಾಜಿಗೆ ಹೋಯ್ತಾರಲ್ಲ, ಆಗ ಕಾರ್ಖಾನೆ ಅಂಗಳದ ಆಲೆ ಮರದ ರಾಶಿಗೆ ಬೆಂಕಿ ಹಚ್ಬುಡ್ತೀನಿ."

ಅವನು ಅದನ್ನು ಹೇಳಿದ ರೀತಿ ನನಗೆ ಈಗಲೂ ಅರ್ಥವಾಗಿಲ್ಲ. ಹಲ್ಲು ಕೀಳಿಸಿಕೊಳ್ಳಲು ಹೋಗುತ್ತೇನೆ ಅನ್ನುವವನ ಹಾಗೆ ಹೇಳಿದ. ನಾನು ಸಿಟ್ಟಿಗಾಗಿ ಹುಡುಕಿದೆ, ಅದು ನನ್ನ ತರಬೇತಿ. ಉಸ್ತಾದ್ ಏನಾದರೂ ಅಂದರಾ? ಇಲ್ಲ. ಅವರ ಮೇಲೆ ಕೋಪವಾ?

"ಯಾತಕ್ಕೆ ಕೋಪ? ಕೆಲ್ಸ ಕಲ್ಸವ್ರೆ."

"ಒಳಗೆ ಪಾಲಿಶ್ ಮಾಡೋ ಹೆಂಗಸರು ಇರ್ತಾರಲ್ಲಪ್ಪ, ಮಧ್ಯಾಹ್ನ ಅಲ್ಲೇ ಊಟ ಮಾಡ್ತಾರೆ."

"ಹೊರಕ್ಕೆ ಕಳ್ಸಿ ಹಚ್ತೀನಿ" ಅಂದ. ಆದರೆ ಅದನ್ನು ಅವನು ಆಗ ತಾನೇ ಯೋಚಿಸಿದ ಹಾಗಿತ್ತು.

ನಮ್ಮ ಕಚೇರಿ ಇದ್ದ ರಾಮನಗರಕ್ಕೆ ವಾಪಸು ಬರುವಾಗ ಬಸ್ಸಿನಲ್ಲಿ ಅದನ್ನೇ ಯೋಚಿಸುತ್ತಿದ್ದೆ. ಇದು ನಿಜವಾದ ಸಂಚೋ, ನನ್ನ ಮುಂದೆ ಹೇಳಿಕೊಂಡ ಬಡಾಯಿಯೋ? ಕಮ್ಮಿ ಅಂಕ ಪಡೆದವನು ಪರೀಕ್ಷಕಿಯ ಮುಂದೆ ಅಂಕ ಏರಿಸಿಕೊಳ್ಳಲು ನೋಡಿದನೋ? ಅವನ ಎದೆಯೊಳಗೆ ಇರುವುದನ್ನು ಅಳೆಯಲು ಹೋದ ನಾವು, ಅಲ್ಲಿ ಇಲ್ಲದ್ದನ್ನು ಹುಟ್ಟಿಸಿ ಬಂದೆವೋ? ಪುಸ್ತಕಗಳು ಹೇಳುವುದು, ಜನ ವಿಪರೀತಕ್ಕೆ ಹೋಗುವುದು ಬಹಳ ಸಲ ತಾನೂ ಒಬ್ಬ ಮನುಷ್ಯ ಎಂದು ಎಣಿಸಿಕೊಳ್ಳುವ ಆಸೆಗೆ ಎಂದು. ಅದನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಪಾಠ ಮಾಡಿದ್ದೇನೆ. ಪಾಠ ಮಾಡುವಾಗ ಯಾರ ಮರದ ರಾಶಿಯೂ ನನ್ನ ಕಣ್ಣ ಮುಂದೆ ಇರುತ್ತಿರಲಿಲ್ಲ.

ನನ್ನ ಸಹಾಯಕಿ ಮಾಗಡಿಯವಳು, ಮನೋವಿಜ್ಞಾನದಲ್ಲಿ ಎಂ.ಎ. ಮಾಡಿದವಳು. ದಿನಾ ಬಸ್ಸು ಬದಲಾಯಿಸಿಕೊಂಡು ಬಂದು ನನಗಿಂತ ಮೊದಲು ಕೆಲಸಕ್ಕೆ ಕೂರುತ್ತಿದ್ದಳು. ಎಲ್ಲ ಕೇಳಿಸಿಕೊಂಡು, "ಸ್ಟೇಷನ್‌ಗೆ ಹೇಳಿ ಮೇಡಂ, ಇದರಲ್ಲಿ ಯೋಚನೆ ಮಾಡೋದೇನಿದೆ?" ಅಂದಳು.

"ಹೇಳಿದರೆ ಅವನ ಮೇಲೆ ಕೇಸು ಬೀಳುತ್ತೆ. ಬರೀ ಬಾಯಿ ಮಾತಾಗಿದ್ದರೆ?"

"ಬಾಯಿ ಮಾತು ಅಲ್ಲದಿದ್ದರೆ?"

ಅವಳ ಮೇಲೆ ರೇಗಿದೆ. ಅವಳು ಹೇಳಿದ್ದು ತಪ್ಪು ಎಂದಲ್ಲ, ನನಗೆ ಅವಳಷ್ಟು ಖಚಿತವಾಗಿ ಏನೂ ಅನ್ನಿಸುತ್ತಿರಲಿಲ್ಲ. ಬೆಂಗಳೂರಿನಲ್ಲಿದ್ದ ನಮ್ಮ ಯೋಜನೆಯ ಮುಖ್ಯಸ್ಥರಿಗೆ ಫೋನು ಮಾಡಿದೆ. ಸಜ್ಜನರು, ನಿಧಾನಸ್ಥರು. "ವಿವರವಾಗಿ ಬರೆದು ಕಳಿಸಿಬಿಡಮ್ಮ, ಸಂಶೋಧನೆಯ ನೈತಿಕತೆ ನೋಡೋ ಸಮಿತಿಯ ಸಭೆ ಕರೆಸೋಣ" ಅಂದರು. ಯಾವಾಗ ಸಾರ್ ಅಂದೆ. ಮುಂದಿನ ವಾರ ಅಂದರು. ಶುಕ್ರವಾರ ನಾಡಿದ್ದು ಸಾರ್ ಅಂದೆ. "ಹೌದಲ್ಲವಾ" ಅಂದರು. ಏನು ಮಾಡಬೇಕೆಂದು ಅವರಿಗೂ ಗೊತ್ತಿರಲಿಲ್ಲ ಎನ್ನುವುದು ಗೊತ್ತಾದಾಗ ನನಗೆ ಸಮಾಧಾನವೂ ಆಯಿತು, ಭಯವೂ ಆಯಿತು.

ಗುರುವಾರ ಬೆಳಿಗ್ಗೆ ಗೊಂಬೆ ಕೊಳ್ಳುವವಳ ಹಾಗೆ ಕಾರ್ಖಾನೆಗೆ ಹೋದೆ. ಅಂಗಳದಲ್ಲಿ ಗೊಂಬೆ ಮಾಡುವ ಆಲೆ ಮರದ ತುಂಡುಗಳು ಒಣಗಲು ಒಟ್ಟಿದ್ದವು. ರಾಶಿಗೂ, ಹೆಂಗಸರು ತಾಳೆಗರಿಯಿಂದ ಗೊಂಬೆ ಉಜ್ಜುತ್ತಿದ್ದ ಚಪ್ಪರಕ್ಕೂ ನಡುವೆ ಒಂದು ಸೈಕಲ್ ನಿಲ್ಲಿಸುವಷ್ಟೇ ಜಾಗ. ನೆಲದ ತುಂಬ ಮರದ ಹೊಟ್ಟು. ಇಲ್ಲಿ ಕಿಡಿ ಬಿದ್ದರೆ ಯಾರನ್ನು ಎಲ್ಲಿಗೆ ಕಳಿಸುತ್ತಾನೆ ಇವನು?

ಬಣ್ಣದವನು ಲೇತಿನ ಮುಂದೆ ಕೂತಿದ್ದ. ನನ್ನನ್ನು ನೋಡಿಯೂ ನೋಡದವನಂತೆ ಕಡ್ಡಿ ಒತ್ತಿದ. ಹಳದಿಯ ಪಕ್ಕಕ್ಕೆ ಕೆಂಪು, ಒಂದಕ್ಕೊಂದು ಸೋಕದ ಹಾಗೆ. ಉಸ್ತಾದ್ ಅವನ ಹಿಂದೆ ನಿಂತು, "ಅವಸರ ಮಾಡಬ್ಯಾಡ್ವೋ, ನಿನ್ನ ಮಾವನ ಮನೆ ಓಡಿಹೋಗಲ್ಲ" ಎಂದು ಛೇಡಿಸುತ್ತಿದ್ದರು. ಅವನು ನಕ್ಕ. ನಿಜವಾಗಿ ನಕ್ಕ! ನನಗೆ ಅಲ್ಲೇ ಕೂತು ಅಳಬೇಕು ಅನ್ನಿಸಿತು.

ಉಸ್ತಾದರನ್ನು ಗೇಟಿನ ಹತ್ತಿರ ಕರೆದು ಇಷ್ಟು ಮಾತ್ರ ಹೇಳಿದೆ: "ನಾಳೆ ಮಧ್ಯಾಹ್ನ ಕಾರ್ಖಾನೇಲಿ ಹೆಂಗಸರನ್ನ ಬಿಟ್ಟು ಹೋಗಬೇಡಿ. ಮರದ ರಾಶಿ ಕಾಯೋಕೆ ಯಾರಾದರೂ ಇರಲಿ. ಡ್ರಮ್ಮಿನಲ್ಲಿ ನೀರು ತುಂಬಿಸಿಡಿ. ಹೆಚ್ಚು ಕೇಳಬೇಡಿ."

ಅವರು ನನ್ನ ಮುಖ ನೋಡಿದರು, ಆಮೇಲೆ ಲೇತಿನ ಕಡೆ ನೋಡಿದರು. "ಯಾರು ಅಂತ ಕೇಳಲ್ಲ ಮೇಡಂ. ನಮ್ಮ ಕಾರ್ಖಾನೆ ಒಳಗಿನವರಾ, ಹೊರಗಿನವರಾ, ಅದನ್ನಾದರೂ ಹೇಳಿ." ಅದನ್ನೂ ಹೇಳುವ ಹಾಗಿಲ್ಲ ಅಂದೆ. ಅವರು ಏನು ತಿಳಿದುಕೊಂಡರೋ, ಒಳಗೆ ಹೋಗಿ ಡ್ರಮ್ಮಿಗೆ ಪೈಪು ಹಾಕಿಸಿದರು.

ಇಷ್ಟಾದ ಮೇಲೂ ನನಗೆ ಸಮಾಧಾನವಿಲ್ಲ. ಈ ಶುಕ್ರವಾರ ಕಾದರೆ ಮುಂದಿನ ಶುಕ್ರವಾರ ಇದ್ದೇ ಇದೆ. ಟೀ ಅಂಗಡಿಯಲ್ಲಿ ಅವನನ್ನು ಮೂರು ಎಂದು ಕರೆಯುವವರೆಗೂ ಶುಕ್ರವಾರಗಳು ಬರುತ್ತಲೇ ಇರುತ್ತವೆ. ಹಾಗಾದರೆ ನಿಲ್ಲಿಸಬೇಕಾದದ್ದು ಆ ಕರೆಯುವುದನ್ನು. ಆ ಸಂಜೆ ಸಹಾಯಕಿಯ ಜೊತೆ ಹಾಳೆಗಳನ್ನು ಹರಡಿಕೊಂಡು ಕೂತಿದ್ದಾಗ ಅವಳು, "ಏನೇ ಹೇಳಿ ಮೇಡಂ, ಇವರಲ್ಲಿ ಓದಿ ಬರೆದವನು ಅವನೊಬ್ಬನೇ. ಉಳಿದದ್ದೆಲ್ಲ ಲೆಕ್ಕಕ್ಕಿಲ್ಲ" ಅಂದಳು. ಮುಂದಾಳು ಸೇರಿ ಎಲ್ಲರೂ ಉಲ್ಟಾ ಹೇಳಿಕೆಗಳಿಗೂ ಏಳು ಹಾಕಿದ್ದರು.

ನಾನು ಚಪ್ಪಲಿ ಮೆಟ್ಟಿಕೊಂಡು ಟೀ ಅಂಗಡಿಗೆ ಹೊರಟೆ. ಅವಳು ಬಾಗಿಲಿಗೆ ಅಡ್ಡ ನಿಂತಳು. "ಉಲ್ಟಾ ಹೇಳಿಕೆ ವಿಷಯ ಅವರ ಮುಂದೆ ಹೇಳೋ ಹಾಗಿಲ್ಲ. ಹೇಳಿದರೆ ಅಧ್ಯಯನ ಕೆಟ್ಟುಹೋಗುತ್ತೆ." ಕೆಡಲಿ ಅಂದೆ. ಅದು ನಾನು ಆ ವಾರ ಖಚಿತವಾಗಿ ಹೇಳಿದ ಒಂದೇ ಮಾತು.

ಅಂಗಡಿಯಲ್ಲಿ ಪಡೆಯವರೆಲ್ಲ ಇದ್ದರು. ಬಣ್ಣದವನು ಕೆಲಸ ಮುಗಿಸಿ ಬಂದು ಮೂಲೆಯಲ್ಲಿ ಕೂತಿದ್ದ. ನಾನು ಟೀ ತೆಗೆದುಕೊಂಡು, ಸುತ್ತಿ ಬಳಸದೆ ಹೇಳಿದೆ.

"ನೀವು ಅಂಕ ಹೋಲಿಸಿ ನೋಡ್ತಿದ್ದೀರಿ ಅಂತ ಕೇಳಿದೆ. ಅದಕ್ಕೇ ಹೇಳೋಕೆ ಬಂದೆ. ಎಲ್ಲದಕ್ಕೂ ಏಳು ಹಾಕಿದ ಹಾಳೆಗಳನ್ನ ನಾವು ತೆಗೆದಿಟ್ಟಿದ್ದೀವಿ. ಅವು ಲೆಕ್ಕಕ್ಕಿಲ್ಲ."

ಮುಂದಾಳು ಎದ್ದು ನಿಂತ. "ಅದ್ಹೆಂಗೆ ಮೇಡಂ? ಫುಲ್ಲು ಹಾಕಿದ್ದೀವಿ!"

"ನಿಮ್ಮ ಫೋನಲ್ಲೇ ಫೋಟೋ ಇದೆಯಲ್ಲ, ಐದನೇ ಹೇಳಿಕೆ ಓದಪ್ಪ."

ಅವನು ಫೋನು ತೆಗೆದು ಗಟ್ಟಿಯಾಗಿ ಓದಿದ. ಪಡೆಯ ಕೆಲಸಕ್ಕಿಂತ ಮನೆ ಕೆಲಸವೇ ನನಗೆ ಮುಖ್ಯ. ಅದರ ಮುಂದೆ ತಾನೇ ಹಾಕಿದ ಏಳು. ಮೊದಲು ಟೀ ಅಂಗಡಿಯವರು ಕಿಸಕ್ಕೆಂದರು, ಅವರ ಹಿಂದೆ ಇಡೀ ಬೆಂಚು ನಕ್ಕಿತು. "ಏನ್ಲಾ ಇದು, ಲೀಡ್ರು ಮನೇಲಿ ಪಾತ್ರೆ ತೊಳೀತಾನಾ?" ಎಂದು ಯಾರೋ ಕೂಗಿದರು. ಮುಂದಾಳುವಿನ ಮುಖ ಕೆಂಪಾಯಿತು.

"ಹಂಗಾದ್ರೆ ನಮ್ ಪಡೇಲಿ ಯಾರ್ದೂ ಪಾಸಿಲ್ವಾ?" ಇನ್ನೊಬ್ಬ ಕೇಳಿದ.

ಇದು ಪಾಸು ಫೇಲಿನ ಪರೀಕ್ಷೆ ಅಲ್ಲ ಎಂದು ಹೇಳಿ ನಾನು ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಮೂಲೆಯಲ್ಲಿ ಅವನು ಕೂತಿದ್ದ, ನಾಳೆ ಶುಕ್ರವಾರ. "ಇದೆ, ಒಂದು" ಅಂದೆ. "ಒಂದು ಹಾಳೆ ನಿಜವಾಗಿ ಓದಿ, ಧೈರ್ಯವಾಗಿ ಬರೆದದ್ದು. ನಿಮ್ಮೆಲ್ಲರ ಬರವಣಿಗೇಲಿ ನಿಜ ಅಂತ ಇರೋದು ಅದೊಂದೇ." ಯಾರದು ಎಂದು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಎಲ್ಲರ ಕತ್ತೂ ಒಟ್ಟಿಗೇ ಮೂಲೆಗೆ ತಿರುಗಿತು.

ಶುಕ್ರವಾರ ಮಧ್ಯಾಹ್ನ ನಾನೂ ಸಹಾಯಕಿಯೂ ಕಾರ್ಖಾನೆಯ ಚಪ್ಪರದಲ್ಲಿ ಹೆಂಗಸರ ಜೊತೆ ಕೂತು ಅವರ ಮುದ್ದೆ ಸಾರು ಉಂಡೆವು. ಉಸ್ತಾದ್ ತಮ್ಮ ತಮ್ಮನನ್ನು ರಾಶಿಯ ಹತ್ತಿರ ಕೂರಿಸಿ ನಮಾಜಿಗೆ ಹೋದರು. ಬಣ್ಣದವನು ಲೇತು ಬಿಟ್ಟು ಏಳಲೇ ಇಲ್ಲ. ಉಸ್ತಾದ್ ವಾಪಸು ಬಂದು ಗೇಟು ತೆರೆದಾಗ ನಾನು ಎದ್ದು ಕೈ ತೊಳೆದುಕೊಂಡೆ. ಅವರು ಏನನ್ನೂ ಕೇಳದೆ ಸಹಾಯಕಿಯ ಕೈಗೆ ಒಂದು ಗಿಲಕಿ ಇಟ್ಟರು.

ಅಧ್ಯಯನ ನಿಜಕ್ಕೂ ಕೆಟ್ಟಿತು. ಉತ್ತರಗಳನ್ನು ಹೇಗೆ ಎಣಿಸುತ್ತೇವೆ ಎಂದು ಸಂಶೋಧಕಿಯೇ ಬೀದಿಯಲ್ಲಿ ಸಾರಿದ ಮೇಲೆ ಆ ಹಾಳೆಗಳಿಗೆ ಬೆಲೆ ಎಲ್ಲಿ? ಮಾತು ಚನ್ನಪಟ್ಟಣದಿಂದ ಉಳಿದ ಊರುಗಳಿಗೂ ಹರಡಿತ್ತು. ಮಾಗಡಿಯಲ್ಲಿ ಒಬ್ಬ, "ಯಾವ್ದು ಉಲ್ಟಾ ಪ್ರಶ್ನೆ ಅಂತ ಮೊದ್ಲೇ ಹೇಳ್ಬುಡಿ" ಎಂದು ಸಹಾಯಕಿಯನ್ನೇ ಕೇಳಿದನಂತೆ. ಸಮಿತಿಯ ಮುಂದೆ ಎಲ್ಲವನ್ನೂ ಹೇಳಿದೆ. ಒಬ್ಬರು ನಾನು ನಿಯಮ ಮುರಿದೆ ಅಂದರು, ಇನ್ನೊಬ್ಬರು ಪೊಲೀಸರಿಗೆ ಹೇಳಬೇಕಿತ್ತು ಅಂದರು, ಮತ್ತೊಬ್ಬರು ಹೆಂಗಸರ ಜೀವ ಉಳಿಸಿದೆ ಅಂದರು. ಮೂವರ ಮಾತೂ ನನಗೆ ಸರಿ ಅನ್ನಿಸಿತು. ಮುಖ್ಯಸ್ಥರು ಬೈಯಲಿಲ್ಲ, ಹೊಸದಾಗಿ ಶುರು ಮಾಡೋಣ ಅಂದರಷ್ಟೆ.

ಕೆಲವು ವಾರ ಕಳೆದ ಮೇಲೆ ಬಣ್ಣದವನನ್ನು ನೋಡಲು ಹೋದೆ. ಊಟದ ಹೊತ್ತು. ಉಸ್ತಾದ್ ಖುಷಿಯಲ್ಲಿದ್ದರು, ಅವನ ಕೈಗೆ ಈಗ ಹೊಸ ಮಾದರಿಯ ಕೆಲಸ ಕೊಟ್ಟಿದ್ದರು. ಅವನು ಬಸ್ ನಿಲ್ಲುವ ಜಾಗದವರೆಗೆ ನನ್ನ ಜೊತೆ ನಡೆದು ಬಂದ. ಹೊಸ ಶರ್ಟು, ಕೂದಲು ಬಾಚಿ ನೀಟಾಗಿದ್ದ. ದಾರಿಯಲ್ಲಿ ಬೈಕಿನಲ್ಲಿ ಹೋದ ಇಬ್ಬರು ಅವನನ್ನು ಕಂಡು ವೇಗ ಇಳಿಸಿ ಕೈ ಎತ್ತಿದರು. ಅವರಲ್ಲಿ ಒಬ್ಬ ಹಳೆಯ ಮುಂದಾಳು.

"ಈಗ ಏನಂತ ಕರೀತಾರಪ್ಪ?" ಕೇಳಿದೆ.

"ಅಣ್ಣ ಅಂತಾರೆ ಮೇಡಂ." ನಾಚಿಕೊಂಡ. "ನೀವ್ ಬಂದು ಹೇಳಿದ್ಮೇಲೆ ಎಲ್ರೂ ನಂದೇ ಮಾತು ಕೇಳ್ತಾವ್ರೆ. ಉಸ್ತಾದ್ರ ತಂಟೆಗೆ ಯಾರೂ ಹೋಗ್ಬ್ಯಾಡಿ ಅಂದೆ. ಕಾರ್ಖಾನೆ ಇಚಾರನೇ ಬುಟ್ಬುಡಿ ಅಂದೆ. ಬುಟ್ರು."

ನನ್ನ ಎದೆ ಹಗುರಾಯಿತು. ಹಾಗಾದರೆ ಗೆದ್ದೆವಲ್ಲ ಅಂದುಕೊಂಡೆ. "ಬೆಟ್ಟದ ಹತ್ತಿರ ನಿಲ್ಲೋದು?"

"ಅದು ಐತೆ. ಈಗ ಯಾರ್ ಎಲ್ಲಿ ನಿಂತ್ಕಬೇಕು ಅಂತ ನಾನೇ ಹೇಳೋದು. ಮುಂಚೆ ಸುಮ್ನೆ ಗಲಾಟೆ ಮಾಡೋರು, ಈಗ ನೀಟಾಗಿ ನಡೀತದೆ." ನಾನು ಹೊಗಳುತ್ತೇನೋ ಎಂದು ನನ್ನ ಮುಖ ನೋಡಿದ.

ದೂರದಲ್ಲಿ ಬಸ್ಸು ಕಾಣಿಸಿತು. ಕೇಳದೆ ಹೋಗಿಬಿಡಬಹುದಿತ್ತು. ಆದರೆ ಕೇಳುವುದೇ ನನ್ನ ಕೆಲಸ.

"ಕಾರ್ಖಾನೆ ವಿಚಾರ ಬಿಡಿ ಅಂದಿದ್ದಕ್ಕೆ ಬಿಟ್ಟರು ಅಂದೆಯಲ್ಲ. ನಾಳೆ ನೀನೇ ಯಾರದಾದರೂ ಮನೆಗೆ ಬೆಂಕಿ ಹಚ್ಚಿ ಅಂದರೆ?"

ಅವನು ಯೋಚಿಸಲೂ ಇಲ್ಲ.

"ಹಚ್ತಾರೆ ಮೇಡಂ" ಅಂದ. ಅವನ ಮುಖ ಅಷ್ಟು ಗೆಲುವಾಗಿದ್ದುದನ್ನು ನಾನು ನೋಡಿದ್ದು ಅದೇ ಮೊದಲು.